ಸಂಶೋಧನೆಯ ನಿಮಿತ್ತ ಮತ್ತು ಹೇತು: ಕೋಗಳಿನಾಡಿನ ಆಕರಗಳ ಹಿನ್ನೆಲೆಯಲ್ಲಿ

ಶಾಸ್ತ್ರವನ್ನು ವ್ಯಾಖ್ಯಾನಿಸಲು ತೊಡಗುವ ಆಚಾರ್ಯನು ಮಂಗಲ, ನಿಮಿತ್ತ, ಹೇತು, ಪರಿಮಾಣ, ನಾಮ, ಕರ್ತೃ ಎಂಬ ಆರನ್ನು ಮೊದಲು ನಿರೂಪಿಸಿ, ಅನಂತರವೇ ಶಾಸ್ತ್ರಾರ್ಥಕ್ಕೆ ಕೈಹಾಕತಕ್ಕದ್ದೆಂಬುದು ನಮ್ಮ ಪರಂಪರೆಯ ವಿಧಿ. ವೀರಸೇನಾಚಾರ್ಯರು ಧವಲಾ ಟೀಕೆಯ ಪ್ರಾರಂಭದಲ್ಲಿಯೇ ಈ ವಿಧಿಯನ್ನು ಸ್ಮರಿಸಿ ಒಂದೊಂದನ್ನಾಗಿ ವಿವರಿಸಿದ್ದಾರೆ. ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯ ಮೊದಲ ಮಹಾಧಿಕಾರದಲ್ಲಿಯೂ ಇದೇ ಕ್ರಮ ಕಂಡುಬರುತ್ತದೆ. ಈ ಪುಟಗಳ ವಾಚಕರಿಗೆ ಇದು ಬಾಲಪಾಠವಾದುದರಿಂದ ವಿಸ್ತರಿಸಬೇಕಾಗಿಲ್ಲ. ವಿದ್ವಾಂಸರ ಗಮನಕ್ಕೆ ತರಬಯಸುವುದು ಬೇರೊಂದು ಸಂಗತಿ. ನಾವು ಸಿದ್ಧಪಡಿಸುವ ಹಸ್ತಪ್ರತಿ ಸೂಚಿಯ ಯಾವುದೇ ನಮೂದನ್ನು ಈ ಆರರೊಡನೆ ಹೋಲಿಸಿ ನೋಡಬಹುದು. ಆದಿಪದ್ಯವನ್ನು ಬರೆದುಕೊಂಡಾಗ ಮಂಗಲವು ಬಂದಿತು. ಕೃತಿಯ ಹೆಸರಿನಿಂದ ನಾಮವೂ, ಕವಿಯ ಹೆಸರಿನಿಂದ ಕರ್ತೃವೂ, ಗರಿಗಳ ಸಂಖ್ಯೆ, ಪಂಕ್ತಿ, ಅಳತೆ ಇವುಗಳಿಂದ ಪರಿಮಾಣವೂ ದೊರೆತವು. ನಾಲ್ಕು ಪೂರ್ತಿಯಾದವು. ಉಳಿದ ಎರಡರ, ಎಂದರೆ ನಿಮಿತ್ತ ಮತ್ತು ಹೇತುಗಳ, ಸ್ಥಾನವು ಬರಿದಾಗಿಯೇ ಇರುತ್ತದೆ. ಸೂಚಿಯ ಮಟ್ಟಿಗೆ ಇದು ದೋಷವಲ್ಲ. ಸೂಚಿಯ ಕೆಲಸವೇ ಅಷ್ಟು. ಆದರೆ ಆ ಸೂಚಿಯನ್ನು ಹಿಡಿದುಕೊಂಡು ಸಂಶೋಧನೆಗೆ ಹೊರಡುವ ವಿದ್ಯಾರ್ಥಿಯು ತನ್ನ ಮಹಾಪ್ರಬಂಧದಲ್ಲಿಯೂ ನಾಲ್ಕನ್ನೇ ತುಂಬಿ, ಎರಡನ್ನು ಬಿಟ್ಟುಬಿಡುತ್ತಿರುವುದು ಚಿಂತಿಸತಕ್ಕ ವಿಷಯವಾಗಿದೆ.

‘ಸಂಶೋಧನೆಯ ಮಹತ್ತ್ವ’ ಎಂಬ ಒಂದು ಶೀರ್ಷಿಕೆ ಇತ್ತೀಚಿನ ಪ್ರಬಂಧಗಳಲ್ಲಿ ತಪ್ಪದೆ ಇರುತ್ತದೆ, ನಿಜ. ಆದರೆ ಅದರ ಕೆಳಗೆ ಬರುವ ವಾಕ್ಯಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ಈ ವಿಷಯದ ಮೇಲೆ ಇದುವರೆಗೆ ಯಾರೂ ಸಂಶೋಧನೆ ಮಾಡಿಲ್ಲ ಎಂಬುದೊಂದು. ಇದು ಮುಂದಿನ ಸಂಶೋಧಕರಿಗೆ ದಾರಿದೀಪವಾಗಲಿದೆ ಎಂಬುದು ಇನ್ನೊಂದು. ಯಾರೂ ಮಾಡದಿರುವುದು ಕಾರಣವೇ ಅಲ್ಲ. ಮಾಡತಕ್ಕದ್ದಲ್ಲವೆಂದೇ ಅನೇಕ ಕೆಲಸಗಳನ್ನು ಯಾರೂ ಮಾಡಿರುವುದಿಲ್ಲ. ದೀಪದ ಮಾತಂತೂ ದೀಪ ಹೊತ್ತಿದ ಮೇಲೆ ಇತರರು ಹೇಳಬೇಕಾದುದು.

ನಿಮಿತ್ತವೆಂದರೇನೆಂಬುದಕ್ಕೆ ನಮ್ಮಲ್ಲಿ ಧರಸೇನಾಚಾರ್ಯರ ವೃತ್ತಾಂತಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಆ ಆಚಾರ್ಯರು, ತಮ್ಮೊಡನೆ ಶ್ರುತವು ವ್ಯುಚ್ಛಿನ್ನವಾದೀತೆಂಬ ಭಯದಿಂದ ದಕ್ಷಿಣಾಪಥದ ಆಚಾರ್ಯರಿಗೆ ಲೇಖವನ್ನು ಕಳುಹಿಸಿದರೆಂದೂ, ಅದನ್ನು ಓದಿಕೊಂಡ ಆಚಾರ್ಯರು ಗ್ರಹಣ-ಧಾರಣ ಸಮರ್ಥರಾದ ಇಬ್ಬರು ಮುನಿಗಳನ್ನು ಕಳುಹಿಸಿದರೆಂದೂ ಧವಲೆಯು ಹೇಳುತ್ತದೆ. ಆ ಇಬ್ಬರೇ ಪುಷ್ಪದಂತ-ಭೂತಬಲಿಗಳು. ಅದರ ಫಲವೇ ಷಟ್ಖಂಡಾಗಮ. ಆ ಲೇಖದ ಪ್ರಯೋಜನವನ್ನು ಗಮನಿಸಬೇಕು. ಏನು ನಷ್ಟವಾಗಲಿದೆ, ಎಷ್ಟು ಕಾಲಾವಕಾಶವಿದೆ, ಯಾರಿಂದ ಈ ಕೆಲಸವಾದೀತು ಎಂಬ ಮೂರೂ ಅದನ್ನು ಓದಿದವರಿಗೆ ಮನವರಿಕೆಯಾದುದರಿಂದಲೇ ಅವರು ಕೂಡಲೆ ಕಾರ್ಯಪ್ರವೃತ್ತರಾದರು. ಧರಸೇನರ ಜ್ಞಾನವು ಎಷ್ಟೇ ಅಗಾಧವಾಗಿದ್ದರೂ ಆ ಒಂದು ಲೇಖವು ಹೋಗದಿದ್ದಲ್ಲಿ ಗುಹೆಯಲ್ಲಿಯೇ ಮುಗಿಯುತ್ತಿತ್ತು.

ಹೇತುವಿನ ವಿಷಯದಲ್ಲಿ ತಿಲೋಯಪಣ್ಣತ್ತಿಯ ವಿಭಾಗವು ಇನ್ನೂ ಉಪಯುಕ್ತವಾಗಿದೆ. ಹೇತುವು ಪ್ರತ್ಯಕ್ಷ, ಪರೋಕ್ಷ ಎಂದು ದ್ವಿವಿಧ. ಪ್ರತ್ಯಕ್ಷವು ಮತ್ತೆ ಸಾಕ್ಷಾತ್ ಎಂದೂ ಪರಂಪರೆಯೆಂದೂ ಎರಡಾಗುತ್ತದೆ. ಸಾಕ್ಷಾತ್ ಪ್ರತ್ಯಕ್ಷಗಳಲ್ಲಿ ಅಜ್ಞಾನದ ವಿನಾಶವೇ ಮೊದಲನೆಯದು, ಶಿಷ್ಯ-ಪ್ರಶಿಷ್ಯರ ಮೂಲಕ ಬರುವುದು ಪರಂಪರಾಪ್ರತ್ಯಕ್ಷ, ಅಭ್ಯುದಯ-ನಿಃಶ್ರೇಯಸಗಳು ಪರೋಕ್ಷ. ನಮ್ಮ ವಿದ್ಯಾರ್ಥಿಯು ಹೇಳುವುದೆಲ್ಲ ಪರೋಕ್ಷವೇ: ಸಂಸ್ಕೃತಿಗೆ ಕೊಡುಗೆ, ನಾಡಿಗೆ ಹಿರಿಮೆ ಇತ್ಯಾದಿ. ಮೊದಲನೆಯದಾದ ಅಜ್ಞಾನವಿನಾಶವನ್ನು ಅವನು ಕೈಬಿಡುತ್ತಾನೆ. ಯಾವ ಅಜ್ಞಾನ? ಯಾರ ಅಜ್ಞಾನ? ನಿನ್ನ ಪ್ರಬಂಧವು ಹುಟ್ಟದಿದ್ದರೆ ಯಾವ ಗ್ರಂಥದ ಯಾವ ವಾಕ್ಯವು ತಪ್ಪಾಗಿಯೇ ಉಳಿಯುತ್ತಿತ್ತು? ಈ ಪ್ರಶ್ನೆಗೆ ಉತ್ತರವಿಲ್ಲದ ಪ್ರಬಂಧವು ಪರಿಶ್ರಮದ ದಾಖಲೆಯಾಗಬಹುದೇ ಹೊರತು ಸಂಶೋಧನೆಯಾಗಲಾರದೆಂಬುದು ನನ್ನ ಅಭಿಪ್ರಾಯ.

ಇದನ್ನು ಒಂದು ಪ್ರದೇಶದ ಆಕರಗಳ ಮೇಲೆ ಪ್ರಯೋಗಿಸಿ ನೋಡುವುದು ಯುಕ್ತ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕುಗಳ ಸೀಮೆಯನ್ನು ಇದಕ್ಕಾಗಿ ಆರಿಸಿಕೊಂಡಿದ್ದೇನೆ. ಪ್ರಾಚೀನ ನೊಳಂಬವಾಡಿ ಮೂವತ್ತೆರಡು ಸಾವಿರದ ವ್ಯಾಪ್ತಿಯಲ್ಲಿದ್ದ ಕೋಗಳಿ ಐನೂರು ಈ ಭಾಗದ ಮುಖ್ಯ ನಾಡು. ಕೋಗಳಿಯು ಒಂದು ಕಾಲದಲ್ಲಿ ಪ್ರಸಿದ್ಧ ಜೈನಕೇಂದ್ರ. ಈಗ ಜೈನರ ಮನೆಗಳು ವಿರಳವಾಗಿರುವ ಸೀಮೆಯಿದು. ಆದುದರಿಂದಲೇ ಇಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗೆ ತನ್ನ ಕೆಲಸದ ಕಾರಣವನ್ನು ಹೇಳುವ ಅಗತ್ಯ ಬೇರೆಡೆಗಿಂತ ಹೆಚ್ಚು. ಶ್ರವಣಬೆಳಗೊಳದಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ ‘ಈ ಕಲ್ಲು ಏಕೆ?’ ಎಂದು ಕೇಳುವವರಿಲ್ಲ. ಕೋಗಳಿಯಲ್ಲಿ ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು.

ಮೊದಲ ತೊಡಕು ವಿಳಾಸದ್ದು. ಕ್ರಿ.ಶ. 1800ರಲ್ಲಿ ನಿಜಾಮನು ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಬಳ್ಳಾರಿ ಸೀಮೆಯೂ ಸೇರಿ, ಮದರಾಸು ಪ್ರಾಂತಕ್ಕೆ ಒಳಪಟ್ಟಿತು. ಇದರ ಪರಿಣಾಮವಾಗಿ ಮೈಸೂರು ಸೀಮೆಯ ಶಾಸನಗಳಿಗೆ ದೊರೆತ ಎಪಿಗ್ರಾಫಿಯ ಕರ್ನಾಟಿಕದ ಆಶ್ರಯ ಇಲ್ಲಿಯವುಗಳಿಗೆ ದೊರೆಯಲಿಲ್ಲ. ಇವು ಪ್ರಕಟವಾದುದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ. ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಅವರು ಸಂಪಾದಿಸಿದ ಅದರ ಮೊದಲ ಭಾಗವು 1939ರಲ್ಲಿ ಹೊರಬಂದಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಐದೂ ತಾಲೂಕುಗಳು ಅದರಲ್ಲಿ ಸೇರಿದವು. ಈಗ ಹಗರಿಬೊಮ್ಮನಹಳ್ಳಿ ತಾಲೂಕಿನಲ್ಲಿರುವ ಕೋಗಳಿಯು ಹಳೆಯ ಸಂಪುಟದಲ್ಲಿ ಹಡಗಲಿ ತಾಲೂಕಿನ ಊರು. ಕೊಟ್ಟೂರಿನ ಸುತ್ತಿನ ಶಾಸನಗಳನ್ನು ಕೂಡ್ಲಿಗಿ ತಾಲೂಕಿನ ಕೆಳಗೆ ಹುಡುಕಬೇಕು. ಇಂದಿನ ತಾಲೂಕಿನ ಹೆಸರು ಹಿಡಿದು ಹಳೆಯ ಸಂಪುಟವನ್ನು ತೆರೆದ ವಿದ್ಯಾರ್ಥಿಯು ಏನೂ ಸಿಗಲಿಲ್ಲವೆಂದು ಬರೆದು, ಅದನ್ನೇ ತನ್ನ ಸಂಶೋಧನೆಯ ಮಹತ್ತ್ವಕ್ಕೆ ಆಧಾರವಾಗಿಸಿಕೊಳ್ಳುವ ಅಪಾಯವುಂಟು. ಮೇಲೆ ಹೇಳಿದ ‘ಯಾರೂ ಮಾಡಿಲ್ಲ’ ಎಂಬ ವಾಕ್ಯದ ಮೂಲ ಎಷ್ಟೋ ವೇಳೆ ಇಷ್ಟೇ.

ಇನ್ನು ಕೋಗಳಿಯ ಬಸದಿಯ ಕ್ರಿ.ಶ. 1055ರ ಶಾಸನ. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಕಾಲದ್ದು. ಕೊಂಡಕುಂದಾನ್ವಯದ ದೇಶಿಗಗಣಕ್ಕೆ ಸೇರಿದ ಇಂದ್ರಕೀರ್ತಿ ಮುನಿಗಳು ಅದರಲ್ಲಿ ಸ್ತುತರಾಗಿದ್ದಾರೆ. ಅಲ್ಲಿಯ ಬಸದಿಯನ್ನು ಗಂಗ ದುರ್ವಿನೀತನು ಮಾಡಿಸಿದನೆಂಬ ಹೇಳಿಕೆ ಅದರಲ್ಲಿದೆ. ಈ ಒಂದು ಹೇಳಿಕೆಯಿಂದಲೇ ಶಾಸನವು ಜೈನ ಇತಿಹಾಸದ ಗ್ರಂಥಗಳಲ್ಲೆಲ್ಲ ಉಲ್ಲೇಖಗೊಂಡಿದೆ. ವಿದ್ಯಾರ್ಥಿಯು ಸಾಮಾನ್ಯವಾಗಿ ಬರೆಯುವುದು ಹೀಗೆ: ಕೋಗಳಿಯ ಬಸದಿಯು ಆರನೆಯ ಶತಮಾನದ್ದು, ಆದುದರಿಂದ ಅತ್ಯಂತ ಪ್ರಾಚೀನ, ಆದುದರಿಂದ ಮಹತ್ತ್ವದ್ದು.

ಇಲ್ಲಿ ಗುರುವು ತಡೆಯಬೇಕು. ಶಾಸನಕ್ಕೂ ದುರ್ವಿನೀತನಿಗೂ ನಡುವೆ ಸುಮಾರು ಐದು ಶತಮಾನಗಳ ಅಂತರವಿದೆ. ಅಷ್ಟು ದೂರದಿಂದ ಹೇಳಿದ ಮಾತು ದುರ್ವಿನೀತನ ಕಾಲಕ್ಕೆ ಸಾಕ್ಷಿಯಾಗಲಾರದು. ಅದು 1055ರ ಕೋಗಳಿಗೆ ಸಾಕ್ಷಿ. ಹಾಗಾದರೆ ಶಾಸನದ ಬೆಲೆ ತಗ್ಗಿತೇ? ನನ್ನ ದೃಷ್ಟಿಯಲ್ಲಿ ಏರಿತು. ಚಾಲುಕ್ಯರ ಆಳ್ವಿಕೆಯಲ್ಲಿ, ನೊಳಂಬರ ನಾಡಿನಲ್ಲಿ, ಒಂದು ಬಸದಿಯವರು ತಮ್ಮ ಮೂಲವನ್ನು ಹೇಳಿಕೊಳ್ಳುವಾಗ ಗಂಗರ ಅರಸನೊಬ್ಬನನ್ನು ಏಕೆ ನೆನೆದರು? ಗಂಗರ ಆಳ್ವಿಕೆಯು ಅದಾಗಲೇ ಅಳಿದಿತ್ತು. ಅವರನ್ನು ಹೊಗಳಿ ಪಡೆಯಬೇಕಾದ ಲಾಭವೇನೂ ಉಳಿದಿರಲಿಲ್ಲ. ಗಂಗ ಅರಸರಲ್ಲಿಯೂ ಇತ್ತೀಚಿನವನಾದ ಮಾರಸಿಂಹನನ್ನು ಬಿಟ್ಟು ದುರ್ವಿನೀತನನ್ನೇ ಏಕೆ ಆರಿಸಿದರು? ಮಾರಸಿಂಹನು ನೊಳಂಬರನ್ನು ಸೋಲಿಸಿ ‘ನೊಳಂಬಕುಲಾಂತಕ’ನೆನಿಸಿದವನು. ಹರಪನಹಳ್ಳಿ ತಾಲೂಕಿನ ಉಚ್ಚಂಗಿಯ ಕೋಟೆಯನ್ನು ಅವನು ಹಿಡಿದುದನ್ನು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಸ್ತುತಿಸುತ್ತದೆ. ಅಜಿತಸೇನರ ಸನ್ನಿಧಿಯಲ್ಲಿ ಬಂಕಾಪುರದಲ್ಲಿ 974ರಲ್ಲಿ ಸಲ್ಲೇಖನವ್ರತದಿಂದ ಮುಡಿಪಿದ ಅವನು ಜೈನರಿಗೆ ಪೂಜ್ಯ. ನೊಳಂಬವಾಡಿಯ ಜನಕ್ಕೆ ಹಾಗಿರಬೇಕಾಗಿಲ್ಲ. ದುರ್ವಿನೀತನೋ ವಿದ್ಯಾವಂತನೆಂದೇ ಹೆಸರಾದವನು. ಗುಮ್ಮರೆಡ್ಡಿಪುರದ ತಾಮ್ರಪಟವು ಅವನಿಗೆ ಶಬ್ದಾವತಾರದ ಕರ್ತೃತ್ವವನ್ನೂ ಕಿರಾತಾರ್ಜುನೀಯದ ಹದಿನೈದನೆಯ ಸರ್ಗದ ಟೀಕೆಯನ್ನೂ ಹೇಳುತ್ತದೆ. ಕವಿರಾಜಮಾರ್ಗದಲ್ಲಿಯೂ ಆ ಹೆಸರುಂಟು. ಪೂಜ್ಯಪಾದರೊಡನೆ ಅವನ ಸಂಬಂಧವನ್ನು ಊಹಿಸಿ ವಿದ್ವಾಂಸರು ಚರ್ಚಿಸಿರುವುದೂ ವಿದಿತವೇ ಇದೆ. ಪಂಡಿತರಾದ ಇಂದ್ರಕೀರ್ತಿಗಳ ಬಸದಿಗೆ ಪಂಡಿತನಾದ ಅರಸನು ಮೂಲಪುರುಷನಾಗಿ ಒಪ್ಪಿದನೆಂದು ನಾನು ಊಹಿಸುತ್ತೇನೆ. ಇದು ಊಹೆಯೇ ಸರಿ. ಅಲ್ಲಗಳೆಯುವ ಆಧಾರ ದೊರೆತಲ್ಲಿ ಬಿಟ್ಟುಕೊಡತಕ್ಕದ್ದು. ಆದರೆ ಸಂಶೋಧನೆಯ ಹೇತುವೆಂಬುದು ಇಂಥ ಪ್ರಶ್ನೆಯಲ್ಲಿದೆ, ‘ಅತ್ಯಂತ ಪ್ರಾಚೀನ’ ಎಂಬ ವಿಶೇಷಣದಲ್ಲಿಲ್ಲ ಎಂಬುದನ್ನು ವಿದ್ಯಾರ್ಥಿಗೆ ತೋರಿಸಲು ಇದು ಸಾಕು.

ಇದಕ್ಕೆ ಒಂದು ವರ್ಷ ಹಿಂದಿನ, ಎಂದರೆ 1054ರ, ನಂದಿಬೇವೂರಿನ ಶಾಸನವು ಅಷ್ಟೋಪವಾಸಿ ಭಟಾರರೆಂಬ ದೇಶಿಗಗಣದ ಮುನಿಗಳಿಗೆ ಸಂಬಂಧಿಸಿದ್ದು. ಇದೂ ಹರಪನಹಳ್ಳಿ ತಾಲೂಕಿನದು. ಒಂದೊಂದನ್ನು ಬೇರೆಬೇರೆಯಾಗಿ ಓದಿದರೆ ಎರಡು ದತ್ತಿಗಳು. ಒಟ್ಟಿಗೆ ಇಟ್ಟು ಓದಿದರೆ ಒಂದೇ ಗಣದ ಮುನಿಗಳು ಸಮೀಪದ ಎರಡು ಊರುಗಳಲ್ಲಿ ಒಂದೇ ಕಾಲದಲ್ಲಿ ನೆಲೆಯೂರಿದ್ದುದು ತಿಳಿದು, ಗಣ-ಅನ್ವಯಗಳ ಪ್ರಸಾರವನ್ನು ಕುರಿತ ವಾಕ್ಯವೊಂದು ಸ್ಪಷ್ಟವಾಗುತ್ತದೆ. ಸಂಪುಟದ ಸಂಪಾದಕರು ಪ್ರತಿಯೊಂದು ಶಾಸನದ ತಲೆಯಲ್ಲಿ ಸಾರಾಂಶವನ್ನು ಮಾತ್ರ ಕೊಟ್ಟಿದ್ದಾರೆ. ಇಂತಹವರು ಇಂತಹವರಿಗೆ ಇಷ್ಟು ಭೂಮಿ ಕೊಟ್ಟರು ಎಂದು. ಅದು ಅವರ ಮರ್ಯಾದೆ. ಆ ಸಾರಾಂಶವನ್ನೇ ಕನ್ನಡಿಸಿ ಅಧ್ಯಾಯವಾಗಿಸುವುದು ವಿದ್ಯಾರ್ಥಿಯ ಮರ್ಯಾದೆಯಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರೊಬ್ಬರು ಅಭ್ಯರ್ಥಿಯನ್ನು, “ಇಷ್ಟು ಬಸದಿಗಳ ಅಳತೆಯನ್ನು ಕೊಟ್ಟಿದ್ದೀರಿ, ಇದರಿಂದೇನಾಯಿತು?” ಎಂದು ಕೇಳಿದರು. ಅಭ್ಯರ್ಥಿಯು ಬಸದಿಗಳ ಸಂಖ್ಯೆಯನ್ನು ಮತ್ತೊಮ್ಮೆ ಹೇಳಿದನು. ಪರೀಕ್ಷಕರು ನಕ್ಕು ಸುಮ್ಮನಾದರು, ಪದವಿ ದೊರೆಯಿತು. ನಗೆಯಲ್ಲಿ ಮುಗಿಸಬೇಕಾದ ವಿಷಯ ಅದಾಗಿರಲಿಲ್ಲ. ಆ ಹುಡುಗನು ಬೇಸಿಗೆಯ ಬಿಸಿಲಿನಲ್ಲಿ ಹಳ್ಳಿಹಳ್ಳಿ ತಿರುಗಿ ಪಾಯದ ಕಲ್ಲುಗಳನ್ನು ಅಳೆದವನು. ಅವನು ತಂದ ಸಾಮಗ್ರಿಯಲ್ಲಿ ಉತ್ತರವಿತ್ತು, ಆದರೆ ಅದನ್ನು ಕೇಳಿಕೊಳ್ಳುವುದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ.

ಇದಕ್ಕೆ ವಿರುದ್ಧವಾದ ದೋಷವೊಂದುಂಟು. ಅದು ನಮ್ಮವರಲ್ಲಿಯೇ ಹೆಚ್ಚು. ಮಹತ್ತ್ವವನ್ನು ಹೇಳೆಂದರೆ ಉತ್ಪ್ರೇಕ್ಷೆ ಮಾಡುವುದು. ಈ ಸೀಮೆಯಲ್ಲಿ ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ನೀಲಗುಂದದ ಭೀಮೇಶ್ವರ, ಅಂಬಳಿಯ ಕಲ್ಲೇಶ್ವರ ಇತ್ಯಾದಿ ಚಾಲುಕ್ಯಶೈಲಿಯ ಉತ್ಕೃಷ್ಟ ದೇವಾಲಯಗಳಿವೆ. ಇವುಗಳಲ್ಲಿ ಕೆಲವನ್ನು ಅಲೆಗ್ಸಾಂಡರ್ ರೀ 1896ರಲ್ಲಿಯೇ ತನ್ನ ಚಾಲುಕ್ಯ ವಾಸ್ತುಗ್ರಂಥದಲ್ಲಿ ಸಚಿತ್ರವಾಗಿ ವರ್ಣಿಸಿದ್ದಾನೆ. ಇವೆಲ್ಲ ಮೂಲತಃ ಬಸದಿಗಳೇ ಎಂದು ಸಾಧಿಸಹೊರಡುವ ಉತ್ಸಾಹವು ಆಗಾಗ ಕಾಣಿಸಿಕೊಳ್ಳುತ್ತದೆ. ಬಾಗಳಿಯ ಶಾಸನಗಳು ಹತ್ತನೆಯ ಶತಮಾನದಿಂದಲೂ ಅಲ್ಲಿಯ ಕಲಿದೇವರ ಆರಾಧನೆಯನ್ನು ನಿಸ್ಸಂದಿಗ್ಧವಾಗಿ ಹೇಳುತ್ತಿರುವಾಗ ಇಂಥ ವಾದದಿಂದ ಸಾಧಿಸುವುದೇನೂ ಇಲ್ಲ. ಸಾಲದುದಕ್ಕೆ, ನಿಜವಾದ ಬಸದಿಯ ಪ್ರಮಾಣವನ್ನು ತಂದಾಗಲೂ ಜನರು ನಂಬದಂತಾಗುತ್ತದೆ. ಕೋಗಳಿಯ ಚೆನ್ನಪಾರ್ಶ್ವನಿಗೆ ಸಾಕ್ಷ್ಯವು ಕಲ್ಲಿನಲ್ಲಿಯೇ ಇದೆ. ಅದಿದ್ದಾಗ ಬಾಗಳಿಯ ಶಿವನನ್ನು ಬೇಡುವುದೇಕೆ? ಹೇತುನಿರೂಪಣೆಯು ಹೊಗಳಿಕೆಯಲ್ಲ. ಪ್ರಮಾಣಕ್ಕೆ ಎಷ್ಟು ಭಾರವುಂಟೋ ಅಷ್ಟನ್ನೇ ಅದರ ಮೇಲೆ ಹೇರತಕ್ಕದ್ದು.

ಯಾರಿಗೆ ಹೇಳಬೇಕೆಂಬ ಪ್ರಶ್ನೆಯೂ ಇದೆ. ಇತರ ದರ್ಶನದವರು ಅನುಬಂಧಚತುಷ್ಟಯದಲ್ಲಿ ‘ಅಧಿಕಾರಿ’ ಎಂದು ಹೇಳುವುದು ಇದನ್ನೇ. ಒಂದೇ ಕೋಗಳಿಯ ಹೇತುವನ್ನು ಪರೀಕ್ಷಕರಿಗೆ ಒಂದು ರೀತಿಯಲ್ಲಿ, ಭಟ್ಟಾರಕರ ಸನ್ನಿಧಿಯಲ್ಲಿ ಇನ್ನೊಂದು ರೀತಿಯಲ್ಲಿ, ಊರಿನ ರೈತನಿಗೆ ಮತ್ತೊಂದು ರೀತಿಯಲ್ಲಿ ಹೇಳಬೇಕಾಗುತ್ತದೆ. ಅಸತ್ಯವನ್ನು ಹೇಳಬೇಕೆಂದು ಅರ್ಥವಲ್ಲ. ಕೋಗಳಿಯಲ್ಲಿ ಚೆನ್ನಪಾರ್ಶ್ವದೇವರ ಅಭಿಷೇಕಕ್ಕಾಗಿ ಭಕ್ತರು ಕೊಟ್ಟ ಹಣವನ್ನು ದಾನಿಗಳ ಹೆಸರುಗಳೊಡನೆ ಪಟ್ಟಿ ಮಾಡಿರುವ ಶಾಸನವೊಂದಿದೆ. ಪರೀಕ್ಷಕರಿಗೆ ಅದು ಹದಿಮೂರನೆಯ ಶತಮಾನದ ಧರ್ಮದಾಯದ ಆರ್ಥಿಕ ವ್ಯವಸ್ಥೆಗೆ ಆಕರ. ಶ್ರಾವಕರಿಗೆ ದಾನಧರ್ಮದ ಸಂತತಿ. ಊರವನಿಗೆ? ಅವನ ಊರಿನಲ್ಲಿ ಏಳು ನೂರು ವರ್ಷಗಳ ಹಿಂದೆ ಬಾಳಿದ ಸಾಮಾನ್ಯರ ಹೆಸರುಗಳು ಅವು. ಅರಸರ ಹೆಸರುಗಳು ಎಲ್ಲಿಯೂ ಸಿಗುತ್ತವೆ, ಊರಿನ ಸಾಮಾನ್ಯನ ಹೆಸರು ಸಿಗುವುದು ಆ ಕಲ್ಲಿನಲ್ಲಿ ಮಾತ್ರ ಎಂದು ತಿಳಿಸಿ ಹೇಳಿದರೆ ಅವನು ಆ ಕಲ್ಲಿಗೆ ದನ ಕಟ್ಟುವುದನ್ನು ಬಿಟ್ಟಾನು. ಕಲ್ಲನ್ನು ಉಳಿಸುವವನು ಕೊನೆಗೆ ಅವನೇ.

ಓಲೆಗರಿಗಳ ವಿಷಯದಲ್ಲಂತೂ ಇದು ಇನ್ನೂ ನಿಜ. ಕೊಟ್ಟೂರು, ಉಜ್ಜಿನಿಗಳು ವೀರಶೈವ ಪರಂಪರೆಯ ಪ್ರಸಿದ್ಧ ಕ್ಷೇತ್ರಗಳು. ಕನ್ನಡ ನಾಡಿನ ವೀರಶೈವ ಮಠಗಳ ಕಟ್ಟುಗಳಲ್ಲಿ ಜೈನರ ವ್ಯಾಕರಣ, ನಿಘಂಟು, ವೈದ್ಯಗ್ರಂಥಗಳೂ, ನಮ್ಮ ಭಂಡಾರಗಳಲ್ಲಿ ಅನ್ಯಮತೀಯ ಕೃತಿಗಳೂ ದೊರೆಯುವುದು ಹಸ್ತಪ್ರತಿ ಕಾರ್ಯದಲ್ಲಿ ಪಳಗಿದವರಿಗೆಲ್ಲ ಅನುಭವಸಿದ್ಧ. ಮಠದ ಹಿರಿಯರ ಮುಂದೆ ನಿಂತ ವಿದ್ಯಾರ್ಥಿಯು ‘ಜೈನ ಗ್ರಂಥ ಹುಡುಕಲು ಬಂದೆ’ ಎಂದರೆ ಕಟ್ಟು ಬಿಚ್ಚುವುದು ಕಷ್ಟ. ‘ನಿಮ್ಮ ಮಠದ ಹಿಂದಿನವರು ಮತಭೇದವಿಲ್ಲದೆ ಏನೇನನ್ನು ಓದಿಸುತ್ತಿದ್ದರೆಂದು ತಿಳಿಯಬೇಕಾಗಿದೆ’ ಎಂದರೆ ಬಿಚ್ಚುತ್ತದೆ. ಎರಡನೆಯದು ಕೇವಲ ಉಪಾಯದ ಮಾತಲ್ಲ, ಹೆಚ್ಚು ಸರಿಯಾದ ಸಂಶೋಧನಪ್ರಶ್ನೆಯೂ ಹೌದು. ಮೆಕೆಂಜಿಯ ಕಾಲದ ಕೈಫಿಯತ್ತುಗಳಲ್ಲಿ ಇನಾಮು, ಮಾನ್ಯ, ಕೆರೆ-ಕಾಲುವೆಗಳ ಸುದ್ದಿಯು ಹೇರಳವಾಗಿರುವುದಕ್ಕೆ, ಕೇಳುತ್ತಿರುವುದು ಸರ್ಕಾರವೆಂದು ಶಾನುಭೋಗರು ಬಲ್ಲವರಾಗಿದ್ದುದೂ ಒಂದು ಕಾರಣವಿರಬೇಕು. ಅದೇ ಮೆಕೆಂಜಿಗೆ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನಂಥವರು ನೆರವಾದಾಗ ದೊರೆತ ಸಾಮಗ್ರಿಯ ಬಗೆಯೇ ಬೇರೆ. ಕೇಳುವವನು ಕಾರಣವನ್ನು ಹೇಗೆ ತಿಳಿಸುತ್ತಾನೋ ಹೇಳುವವನು ಹಾಗೆ ಹೇಳುತ್ತಾನೆ.

ಪ್ರತಿಕಾರರು ಇದನ್ನು ಬಲ್ಲವರಾಗಿದ್ದರು. ಮೂಡುಬಿದಿರೆಯ ಮಹಾಬಂಧದ ತಾಡಪತ್ರದ ಪ್ರಶಸ್ತಿಯಲ್ಲಿ, ಮಲ್ಲಿಕಬ್ಬೆಯೆಂಬ ಶ್ರಾವಿಕೆಯು ಶ್ರೀಪಂಚಮೀ ವ್ರತದ ಉದ್ಯಾಪನೆಗಾಗಿ ಅದನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಸಮರ್ಪಿಸಿದುದು ಉಕ್ತವಾಗಿದೆ. ಯಾರು, ಯಾವ ನಿಮಿತ್ತದಿಂದ, ಯಾರಿಗೆ ಎಂಬ ಮೂರೂ ಅಲ್ಲಿವೆ. ಶತಮಾನಗಳ ಅನಂತರ ಅದೇ ಸಿದ್ಧಾಂತಗ್ರಂಥಗಳು ದರ್ಶನಕ್ಕೆ ಮಾತ್ರ ಮೀಸಲಾಗಿದ್ದಾಗ, ಅವುಗಳ ಪ್ರತಿ ಮಾಡಿಸಬೇಕೆಂದು ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಹೀರಾಚಂದ ನೇಮಚಂದ ಮೊದಲಾದವರು ಸ್ಥಳೀಯರನ್ನು ಒಪ್ಪಿಸಬೇಕಾಯಿತು. ಪ್ರತಿಲೇಖನವು 1896ರಲ್ಲಿ ಆರಂಭವಾದರೂ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಹೊರಬಂದುದು 1939ರಲ್ಲಿ, ಹದಿನಾರನೆಯದು 1959ರಲ್ಲಿ. ಮೊದಲ ನಲವತ್ತಮೂರು ವರ್ಷಗಳಲ್ಲಿ ಎಷ್ಟು ಭಾಗವು ಲಿಪಿಯನ್ನು ಓದುವುದಕ್ಕೆ ಹೋಯಿತು, ಎಷ್ಟು ಭಾಗವು ಏಕೆ ಓದಬೇಕೆಂದು ಒಪ್ಪಿಸುವುದಕ್ಕೆ ಹೋಯಿತು ಎಂಬುದನ್ನು ವಿದ್ವಾಂಸರು ಯೋಚಿಸಬಹುದು.

ಆದುದರಿಂದ ನನ್ನಲ್ಲಿಗೆ ಬರುವ ವಿದ್ಯಾರ್ಥಿಗಳಿಂದ ಈಚೆಗೆ ಒಂದು ಕೆಲಸವನ್ನು ಮಾಡಿಸುತ್ತಿದ್ದೇನೆ. ಕ್ಷೇತ್ರಕ್ಕೆ ಹೊರಡುವ ಮುನ್ನ ನಿಮಿತ್ತ ಮತ್ತು ಹೇತುಗಳನ್ನು ಒಂದೊಂದು ವಾಕ್ಯದಲ್ಲಿ ಬರೆಯತಕ್ಕದ್ದು. ‘ಮಹತ್ತ್ವ’, ‘ಅಪೂರ್ವ’, ‘ಕೊಡುಗೆ’ ಎಂಬ ಮೂರು ಶಬ್ದಗಳಿಗೆ ನಿಷೇಧ. ಹಿಂದಿರುಗಿದ ಮೇಲೆ ಅದೇ ಎರಡು ವಾಕ್ಯಗಳನ್ನು ಹೊಸದಾಗಿ ಬರೆಯಬೇಕು. ವಾಕ್ಯಗಳು ಬದಲಾಗದಿದ್ದರೆ ಕ್ಷೇತ್ರದಲ್ಲಿ ಅವನು ಏನನ್ನೂ ಕಾಣಲಿಲ್ಲವೆಂದು ತಿಳಿಯುತ್ತೇನೆ. ಮೊದಲ ಸಲ ಎಲ್ಲರೂ ತೊಡರುತ್ತಾರೆ. ಒಬ್ಬ ವಿದ್ಯಾರ್ಥಿನಿಯು ಹೊರಡುವಾಗ ಕೋಗಳಿನಾಡಿನ ಜಿನಾಲಯಗಳ ಪ್ರಾಚೀನತೆಯನ್ನು ಸಾಧಿಸುವೆನೆಂದು ಬರೆದಿದ್ದಳು. ಬಂದ ಮೇಲೆ ಬರೆದುದು ಹೀಗಿತ್ತು: ಜೈನರ ಮನೆಗಳು ವಿರಳವಾದ ಮೇಲೂ ಈ ಬಸದಿಯು ಯಾರ ಎಚ್ಚರಿಕೆಯಿಂದ ಉಳಿಯಿತೆಂಬುದನ್ನು ತಿಳಿಯಬೇಕಾಗಿದೆ. ಈ ಪ್ರಶ್ನೆಗೆ ಆಕರವು ಒಂಬತ್ತನೆಯ ಸಂಪುಟದಲ್ಲಿಲ್ಲ. ಊರಿನ ಹಳೆಯ ಮನೆತನಗಳ ಕಾಗದಪತ್ರಗಳಲ್ಲಿ, ಶಾನುಭೋಗರ ಕಡತಗಳಲ್ಲಿ, ಇನಾಮು ದಫ್ತರಗಳಲ್ಲಿ ಅದನ್ನು ಅರಸಬೇಕು. ತುಂಗಭದ್ರಾ ಅಣೆಕಟ್ಟಿನ ಕಾಲದಲ್ಲಿ ಈ ಸೀಮೆಯ ಕೆಲವು ಊರುಗಳು ಮುಳುಗಡೆಯಾಗಿ ಮನೆತನಗಳು ಸ್ಥಳಾಂತರಗೊಂಡುದರಿಂದ ಅಂಥ ಕಟ್ಟುಗಳು ಮೂಲಸ್ಥಾನದಲ್ಲಿಯೇ ಇರುವುವೆಂದು ನೆಚ್ಚುವಂತಿಲ್ಲ. ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ತಾಲೂಕುಗಳಲ್ಲಿ ಮನೆಮನೆಯ ಶೋಧವನ್ನು ಮೊದಲು ಕೈಗೊಂಡು, ಅನಂತರ ಹರಪನಹಳ್ಳಿಯ ಕಡೆಗೆ ಹೋಗುವುದು ಸೂಕ್ತವೆಂದು ಅವಳಿಗೆ ಸೂಚಿಸಿದ್ದೇನೆ. ಪ್ರತಿಯೊಂದು ಮನೆಯವರಿಗೂ ಅವರ ಕಟ್ಟಿನಲ್ಲಿ ಏನಿದೆಯೆಂಬುದನ್ನು ಅರ್ಧ ಪುಟದಲ್ಲಿ, ತಿಳಿಗನ್ನಡದಲ್ಲಿ, ಬರೆದುಕೊಟ್ಟೇ ಹೊರಡತಕ್ಕದ್ದೆಂಬುದು ಒಪ್ಪಂದ.